ಒಂಬತ್ತನೇ ತಿಂಗಳ ವೈರಸ್

ಫೆಬ್ರವರಿ 3, ಸೋಮವಾರ

ಒಂಬತ್ತು ವರ್ಷ ಒಂದು ತಿಂಗಳಾದ ಮೇಲೆ ಇವತ್ತು ಮತ್ತೆ ಪಿಪೆಟ್ ಹಿಡಿದೆ. ಹೆಬ್ಬೆರಳಿಗೆ ಎಲ್ಲಾ ನೆನಪಿದೆ, ತಲೆಗೆ ಏನೂ ಇಲ್ಲ. ಮಗಳು ಹುಟ್ಟಿದಾಗ ಬಿಟ್ಟ ಕೆಲಸ, ಅವಳೀಗ ನನ್ನ ಎದೆಮಟ್ಟ ಬರುತ್ತಾಳೆ. ಆರು ತಿಂಗಳ ತಾತ್ಕಾಲಿಕ ಹುದ್ದೆ. ಮೇ ತಿಂಗಳಲ್ಲಿ ಸಮಿತಿ ಕೂತು, ಇವಳನ್ನು ಇಟ್ಟುಕೊಳ್ಳಬೇಕೋ ಬೇಡವೋ ಅಂತ ನೋಡುತ್ತದಂತೆ.

ಮುಖ್ಯಸ್ಥೆಗೆ ಲ್ಯಾಬಿನವರು ಇಟ್ಟ ಹೆಸರು 'ಮತ್ತೊಮ್ಮೆ ಮೇಡಂ'. ಏನು ತೋರಿಸಿದರೂ "ಚೆನ್ನಾಗಿದೆ, ಮತ್ತೊಮ್ಮೆ ಮಾಡಿ" ಅನ್ನುತ್ತಾರಂತೆ. ಪಕ್ಕದ ಬೆಂಚಿನಲ್ಲಿ ಒಬ್ಬ ಗಡ್ಡದ ಹುಡುಗ, ಇಲ್ಲಿ ಬರೀ ಗಡ್ಡ ಅಂತ ಬರೆಯುತ್ತೇನೆ. ನನಗಿಂತ ಏಳು ವರ್ಷ ಚಿಕ್ಕವನು, ಏಳು ಪೇಪರ್ ದೊಡ್ಡವನು. ನಾನು ಹನಿ ಚೆಲ್ಲಿದ್ದನ್ನು ನೋಡಿ ಟಿಶ್ಯೂ ಡಬ್ಬಿ ನನ್ನ ಕಡೆ ತಳ್ಳಿದ. ಬೈದಿದ್ದರೇ ವಾಸಿಯಿತ್ತು.

ಮನೆಗೆ ಬಂದವಳೇ ಸೀದಾ ಬಚ್ಚಲಿಗೆ. ಬಟ್ಟೆ ಬೇರೆ ಬಕೆಟ್ಟಿಗೆ, ತಲೆಗೂ ಸ್ನಾನ, ನನಗೇ ಅಂತ ಬೇರೆ ಟವೆಲ್. ಮಗಳು ತಬ್ಬಿಕೊಳ್ಳಲು ಓಡಿ ಬಂದಳು, "ತಡಿ, ತಡಿ" ಅಂತ ಮೊಣಕೈಯಲ್ಲೇ ತಡೆದೆ. ಅತ್ತೆ, "ಯಾವ ವೈರಸ್ ಅಮ್ಮಾ ನಿಂದು?" ಅಂದರು. "ನೆಗಡೀದು" ಅಂದೆ. ಎಚ್‌ಐವಿ ಅಂತ ಬಾಯಿಗೆ ಬರಲಿಲ್ಲ. ಗಾಳಿಯಿಂದ ಬರುವುದಿಲ್ಲ, ಮುಟ್ಟಿದರೆ ಬರುವುದಿಲ್ಲ, ನಾವು ಬಳಸುವುದು ರೋಗ ತರಲಾಗದ ಹುಸಿ ವೈರಸ್ ಬೇರೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತು. ಆದರೆ ಗೊತ್ತಿರುವುದು ತಲೆಗೆ, ಮೈಗಲ್ಲ.

ಫೆಬ್ರವರಿ 6, ಗುರುವಾರ

ಇವತ್ತು ಕೆಲಸ ಏನು ಅಂತ ತಿಳಿಯಿತು. ಓದುವವರು ಯಾರೂ ಇಲ್ಲದಿದ್ದರೂ ಬರೆದಿಡುತ್ತೇನೆ. ಬರೆದರೆ ನನಗೇ ಅರ್ಥವಾಗುತ್ತದೆ.

ಹದಿನೇಳನೇ ನಂಬರಿನ ದಾನಿ. ಹೆಂಗಸು. ಹೆಸರು ಕೇಳಬಾರದು, ಹೇಳಬಾರದು, ಅದು ನಿಯಮ. ಹದಿನಾರು ವರ್ಷದ ಹಿಂದೆ ಸೋಂಕು ತಗುಲಿದ ಮೂರನೇ ತಿಂಗಳಲ್ಲಿ ಒಮ್ಮೆ ರಕ್ತ ಕೊಟ್ಟಿದ್ದಾರೆ, ಎರಡನೇ ವರ್ಷದಲ್ಲಿ ಇನ್ನೊಮ್ಮೆ. ಆಗ ರೋಗ ಬಲಿಯುವವರೆಗೆ ಮಾತ್ರೆ ಶುರು ಮಾಡದೆ ಕಾಯಿಸುತ್ತಿದ್ದ ಕಾಲ. ಆ ಎರಡೂ ದಿನದ ವೈರಸ್ಸುಗಳು ನಮ್ಮ ಫ್ರೀಜರಿನಲ್ಲಿವೆ. ಎರಡನೇ ವರ್ಷದ ಸೀರಂ ಕೂಡ, ಅಂದರೆ ಪ್ರತಿಕಾಯಗಳಿರುವ ರಕ್ತದ ತಿಳಿ.

ವೈರಸ್ಸಿನ ಮೈಮೇಲೆ ಮುಳ್ಳುಗಳಿವೆ. ಮುಳ್ಳಿನ ತಲೆ ನಮ್ಮ ಜೀವಕೋಶವನ್ನು ಹಿಡಿಯುತ್ತದೆ, ಬುಡ ಒಳಗೆ ನುಗ್ಗಿಸುತ್ತದೆ. ಪ್ರತಿಕಾಯ ಬಂದು ಮುಳ್ಳಿಗೆ ಅಂಟಿಕೊಂಡರೆ ಕೆಲಸ ಕೆಟ್ಟಿತು, ವೈರಸ್ ಒಳಗೆ ಹೋಗದು. ಈ ದಾನಿಯ ಸೀರಂ ಮೂರನೇ ತಿಂಗಳ ವೈರಸ್ಸನ್ನು ಚೆನ್ನಾಗಿ ತಡೆಯುತ್ತದೆ, ಎರಡನೇ ವರ್ಷದ್ದಕ್ಕೆ ಕ್ಯಾರೇ ಇಲ್ಲ. ಎರಡಕ್ಕೂ ಎದ್ದು ಕಾಣುವ ವ್ಯತ್ಯಾಸ ಮುಳ್ಳಿನ ನೆತ್ತಿಯ ಒಂದು ಕುಣಿಕೆ. ಹಳೆಯದರಲ್ಲಿ ಗಿಡ್ಡ, ಹೊಸದರಲ್ಲಿ ಉದ್ದ, ಮೇಲೆ ಎರಡು ಸಕ್ಕರೆ ಸರ ಹೆಚ್ಚು. ಆ ಉದ್ದ ಕುಣಿಕೆಯೇ ಮರೆ ಮಾಡುತ್ತಿದೆ ಅನ್ನುವುದು ಮೇಡಂ ಅನುಮಾನ.

ನನ್ನ ಕೆಲಸ: ಉದ್ದ ಕುಣಿಕೆಯನ್ನು ಕತ್ತರಿಸಿ ಹಳೇ ವೈರಸ್ಸಿಗೆ ಕೂರಿಸುವುದು. ಹುಸಿ ವೈರಸ್ ಅಂದರೆ ಹೊರಗೆ ನಿಜವಾದ ಮುಳ್ಳು, ಒಳಗೆ ಬರೀ ಪೊಳ್ಳು. ಒಮ್ಮೆ ಕೋಶದೊಳಗೆ ಹೊಕ್ಕು ಒಂದು ದೀಪ ಹಚ್ಚುತ್ತದೆ, ಅಷ್ಟೇ. ಬೆಳಕು ಬಂದರೆ ಒಳಗೆ ಹೋಯಿತು, ಬರದಿದ್ದರೆ ಇಲ್ಲ. ಎಷ್ಟು ಚೆಂದದ ಲೆಕ್ಕ!

ಮಾರ್ಚ್ 4, ಮಂಗಳವಾರ

ಬೆಳಕು! ಬೆಳಕು! ಬೆಳಕು!

ಪ್ಲೇಟನ್ನು ಬೆಳಕು ಅಳೆಯುವ ಯಂತ್ರಕ್ಕೆ ಕೊಟ್ಟು ನಿಂತಿದ್ದೆ. ಗಿಡ್ಡ ಕುಣಿಕೆಯ ಸಾಲು ಸೀರಂ ಹಾಕಿದೊಡನೆ ಕತ್ತಲೆ. ನನ್ನ ಉದ್ದ ಕುಣಿಕೆಯ ಸಾಲು ಎಷ್ಟು ಸೀರಂ ಸುರಿದರೂ ಒಂದು ಲಕ್ಷದ ಎಂಬತ್ತು ಸಾವಿರ, ಒಂದು ಲಕ್ಷದ ಎಪ್ಪತ್ತಾರು ಸಾವಿರ! ಕುಣಿಕೆ ಒಂದನ್ನೇ ಬದಲಿಸಿದ್ದು, ಪೂರ್ತಿ ತಪ್ಪಿಸಿಕೊಂಡುಬಿಟ್ಟಿದೆ. ಗಡ್ಡ ಎದ್ದು ಬಂದು ಪರದೆ ನೋಡಿ, "ಅಬ್ಬಾ" ಅಂದ. ಅವನ ಬಾಯಲ್ಲಿ ಅಬ್ಬಾ!

ಮೇಡಂ ಕನ್ನಡಕ ಏರಿಸಿ, ಇಳಿಸಿ, "ಚೆನ್ನಾಗಿದೆ" ಅಂದರು. ಆಮೇಲೆ ಏನಂದರು ಅಂತ ಬರೆಯಬೇಕಾಗಿಲ್ಲ.

ಬಸ್ಸಿನಲ್ಲಿ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಎದುರಿಗೆ ಕೂತವರು ಎದ್ದು ಬೇರೆ ಸೀಟಿಗೆ ಹೋದರು.

ಮಾರ್ಚ್ 12, ಬುಧವಾರ

ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಏಪ್ರಿಲ್ ಕೊನೆಯ ಸಮ್ಮೇಳನಕ್ಕೆ ಮೇಡಂ ಸಾರಾಂಶ ಕಳಿಸಿದ್ದಾರೆ. ಮಾತಾಡುವುದು ನಾನು! "ಸಮಿತಿಯವರೂ ಅಲ್ಲಿರ್ತಾರೆ, ಗೊತ್ತಲ್ಲ?" ಅಂದರು. ಗೊತ್ತಿಲ್ಲದೆ ಏನು.

ನಮ್ಮವರು ಕೆಲಸದ ಅಂಗಿಯಲ್ಲೇ ಬಂದರು. ಲಿಫ್ಟ್ ರಿಪೇರಿಯವರ ಅಂಗಿ, ಎಣ್ಣೆ, ಗ್ರೀಸು. "ಏನೋ ಕಂಡುಹಿಡಿದ್ಯಂತೆ?" "ಕುಣಿಕೆ" ಅಂದೆ. "ಹಾಕಿಕೊಳ್ಳಬೇಡ, ಅಷ್ಟೇ" ಅಂದರು. ಹದಿನಾಲ್ಕು ವರ್ಷದ ಸಂಸಾರ, ಜೋಕಿನ ಮಟ್ಟ ಇನ್ನೂ ಇಷ್ಟೇ.

ಮಾರ್ಚ್ 18, ಮಂಗಳವಾರ

ಸಮ್ಮೇಳನದ ಚಿತ್ರಕ್ಕೆ ಅಂತ ಮುಳ್ಳಿನ ಪೂರ್ತಿ ಜೀನ್, ಅಂದರೆ ಅದನ್ನು ಕಟ್ಟುವ ಅಕ್ಷರಗಳ ಸಾಲು, ಓದಿಸಲು ಕಳಿಸಿದ್ದೆ. ಇಷ್ಟು ದಿನ ಕುಣಿಕೆಯ ಭಾಗವನ್ನಷ್ಟೇ ಓದಿಸಿದ್ದೆ. ಇವತ್ತು ಬಂತು.

ಬುಡ ಹಳೇ ವೈರಸ್ಸಿನದ್ದಲ್ಲ. ಹೊಸದರದ್ದು.

ಅಂದರೆ ಕುಣಿಕೆಯ ಜೊತೆಗೆ ಬುಡದ ತುಂಡೂ ಬಂದು ಸೇರಿಕೊಂಡಿದೆ. ಎರಡೂ ಜೀನುಗಳನ್ನು ಒಂದೇ ಟ್ಯೂಬಿನಲ್ಲಿ ಹಾಕಿ ನಕಲು ಮಾಡಿದೆನಲ್ಲ, ಅಲ್ಲೇ ಬೆರೆತಿರಬೇಕು. ನೋಟ್‌ಬುಕ್ಕು ತೆರೆದು ನೋಡಿದೆ, ನನ್ನದೇ ಅಕ್ಷರ. ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ.

ಯಾರೂ ಕೇಳಿಲ್ಲ. ಪೂರ್ತಿ ಓದಿಸಿದ್ದೇನೆ ಅಂತ ಯಾರಿಗೂ ಗೊತ್ತಿಲ್ಲ. ಈ ಎರಡು ವಾಕ್ಯ ಮಧ್ಯಾಹ್ನವಿಡೀ ತಲೆಯಲ್ಲಿ ಸುತ್ತಿದವು.

ಮಾರ್ಚ್ 19, ಬುಧವಾರ

ಹೇಳಿಬಿಟ್ಟೆ.

ಮೇಡಂ ನನ್ನ ನೋಟ್‌ಬುಕ್ಕು ತೆಗೆದುಕೊಂಡು ಆ ಪುಟ ಓದಿದರು. ಆಮೇಲೆ ನನ್ನೆದುರಿಗೇ ಸಮ್ಮೇಳನದವರಿಗೆ ಪತ್ರ ಬರೆದು ಸಾರಾಂಶ ವಾಪಸ್ ತೆಗೆದುಕೊಂಡರು. "ಶುದ್ಧವಾಗಿ, ಮೊದಲಿನಿಂದ" ಅಂದರು. ಮತ್ತೊಮ್ಮೆ ಅನ್ನಲಿಲ್ಲ. ಆ ಶಬ್ದ ಕೇಳದೇ ಇದ್ದಾಗ ಇಷ್ಟು ಭಯವಾಗುತ್ತದೆ ಅಂತ ಗೊತ್ತಿರಲಿಲ್ಲ.

ಏಪ್ರಿಲ್ 2, ಬುಧವಾರ

ಶುದ್ಧ ವೈರಸ್ಸು ತಯಾರು. ಉದ್ದ ಕುಣಿಕೆ, ಹಳೇ ಬುಡ, ಮೊದಲಿನಿಂದ ಕೊನೆಯವರೆಗೆ ಅಕ್ಷರ ಅಕ್ಷರ ಓದಿಸಿದೆ. ಬೆಳಕು: ಮುನ್ನೂರು. ಏನೂ ಹಾಕದ ಖಾಲಿ ಕೋಶಗಳ ಬೆಳಕೂ ಮುನ್ನೂರು. ಅಂದರೆ ಸೊನ್ನೆ. ಮುಳ್ಳು ಇದೆ, ಪರೀಕ್ಷಿಸಿದೆ. ಕೋಶದೊಳಗೆ ಮಾತ್ರ ಹೋಗುತ್ತಿಲ್ಲ.

"ಕುಣಿಕೆ ಸರಿಯಾಗಿ ಕೂತಿಲ್ಲ. ಹೀಗೆ ಆಗುತ್ತೆ, ಬಿಟ್ಟುಬಿಡಿ" ಅಂದ ಗಡ್ಡ. ಸಮಾಧಾನಕ್ಕೇ ಅಂದದ್ದು. ಬಿಟ್ಟರೆ ಸಮಿತಿಗೆ ಏನು ತೋರಿಸಲಿ, ಖಾಲಿ ಪ್ಲೇಟೇ?

ಏಪ್ರಿಲ್ 4, ಶುಕ್ರವಾರ

ಆಸ್ಪತ್ರೆಯ ಆಪ್ತಸಮಾಲೋಚಕಿ ಬಂದಿದ್ದರು. ಹದಿನೇಳನೇ ದಾನಿ ಇನ್ನೂ ಆರೋಗ್ಯವಾಗಿದ್ದಾರೆ, ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಅವರ ಹಳೇ ರಕ್ತ ಬಳಸುವುದಕ್ಕೆ ಒಪ್ಪಿಗೆ ಪತ್ರ ಹೊಸದಾಗಬೇಕು. ಆದರೆ ಅವರದೊಂದು ಷರತ್ತು: ದೊಡ್ಡ ಡಾಕ್ಟರು ಬೇಡ, ಕೈಯಾರೆ ಕೆಲಸ ಮಾಡುವವರು ಬಂದು ಹೇಳಬೇಕು. ಮೇಡಂ ನನ್ನ ಕಡೆ ನೋಡಿದರು.

ಬೇಡ ಅನ್ನಬೇಕು ಅಂತ ಬಾಯಿ ತೆರೆದೆ. ಆಗಲಿ ಅಂತ ಬಂತು.

ಏಪ್ರಿಲ್ 8, ಮಂಗಳವಾರ

ಆಸ್ಪತ್ರೆಯ ನೆಲಮಹಡಿ, ಸಣ್ಣ ಕೋಣೆ, ಮೂರು ಪ್ಲಾಸ್ಟಿಕ್ ಕುರ್ಚಿ. ಐವತ್ತರ ಆಸುಪಾಸಿನ ಹೆಂಗಸು, ಕಂದು ಬಣ್ಣದ ಬೂಟು, ಬಿಸಿಲಿಗೆ ಸುಟ್ಟ ಒಂದು ಕೆನ್ನೆ. ಒಂದೇ ಕೆನ್ನೆ. ಕಟ್ಟಡ ಕಟ್ಟುವ ಕಡೆ ಕ್ರೇನ್ ಓಡಿಸುತ್ತಾರಂತೆ, ಕ್ಯಾಬಿನ್ನಿನ ಆ ಕಡೆ ಗಾಜಿನಿಂದಲೇ ಬಿಸಿಲು ಬೀಳುವುದಂತೆ. ಹೆಸರು ಬರೆಯುವಂತಿಲ್ಲ, ಕ್ರೇನಮ್ಮ ಅಂತ ಬರೆದುಕೊಳ್ಳುತ್ತೇನೆ.

ಕೈ ಚಾಚಿದರು. ಒಂದು ಕ್ಷಣ ತಡವಾಯಿತು ನನ್ನದು. ಅವರು ನೋಡಿದರು, ಕೈ ಚಾಚಿಕೊಂಡೇ ಇದ್ದರು. ಹಿಡಿದೆ.

"ಹದಿನಾರು ವರ್ಷದಿಂದ ಕೊಡ್ತಾ ಇದೀನಿ. ಒಬ್ರೂ ಬಂದು ಏನು ಮಾಡಿದ್ವಿ ಅಂತ ಹೇಳಿಲ್ಲ. ನೀವು ಹೇಳಿ. ನನ್ನ ರಕ್ತದಲ್ಲಿ ಏನು ಮಾಡ್ತೀರಿ?"

ಹೇಳಿದೆ. ಪೆನ್ನಿನಲ್ಲಿ ಮುಳ್ಳು ಬರೆದು, ತಲೆ, ಬುಡ, ಕುಣಿಕೆ ತೋರಿಸಿದೆ. ತಪ್ಪು ಮಾಡಿದ್ದನ್ನೂ ಹೇಳಿದೆ, ಯಾಕೆಂದು ಗೊತ್ತಿಲ್ಲ. "ಈಗ ಶುದ್ಧ ಮಾಡಿದ್ದೀನಿ, ಆದ್ರೆ ಅದು ಕೋಶದೊಳಗೆ ಹೋಗ್ತಾನೇ ಇಲ್ಲ. ಆ ಕುಣಿಕೆ ಹಾಕಿದ್ರೆ ಮುಳ್ಳು ಕೆಲಸಕ್ಕೆ ಬರಲ್ಲ ಅಂತ ಕಾಣುತ್ತೆ."

ಅವರು ಹುಬ್ಬು ಗಂಟಿಕ್ಕಿ ನನ್ನ ಚಿತ್ರವನ್ನು ನೋಡಿದರು. "ಬರಲ್ಲ ಅಂದ್ರೆ? ನನ್ನೊಳಗೆ ಬಂತಲ್ಲ! ಆ ಎರಡನೇ ವರ್ಷ ನಾನು ಹಾಸಿಗೆ ಹಿಡಿದಿದ್ದೆ ಕಣ್ರೀ. ಅದೇ ಉದ್ದ ಕುಣಿಕೇದೇ ತಾನೇ ನನ್ನ ಮೈಯೊಳಗೆ ಓಡಾಡ್ತಾ ಇದ್ದಿದ್ದು? ಅದಕ್ಕೆ ಹೋಗೋಕೆ ಬಂತು, ನಿಮ್ಮದಕ್ಕೆ ಯಾಕೆ ಬರಲ್ಲ?"

ನಾನು ಚಿತ್ರವನ್ನು ನನ್ನ ಕಡೆ ತಿರುಗಿಸಿ ಬುಡದ ಸುತ್ತ ಗೆರೆ ಎಳೆದೆ.

ಅಲ್ಲವೇ! ನನ್ನ ತಪ್ಪಿನ ವೈರಸ್ಸೂ ಹೋಗುತ್ತಿತ್ತು. ಅದರಲ್ಲಿ ಕುಣಿಕೆಯೂ ಇತ್ತು, ಹೊಸ ಬುಡವೂ ಇತ್ತು. ಬುಡವನ್ನು ತೆಗೆದು 'ಶುದ್ಧ' ಮಾಡಿದೆ, ಸತ್ತಿತು. ಕುಣಿಕೆ ಮರೆ ಮಾಡುತ್ತದೆ, ಆದರೆ ನುಗ್ಗಲು ಅಡ್ಡಿಯಾಗುತ್ತದೆ. ಆ ಅಡ್ಡಿಯನ್ನು ತೀರಿಸುವುದು ಬುಡ! ನಾನು ಕಸ ಅಂತ ಗುಡಿಸಿ ಎಸೆದದ್ದೇ ಉತ್ತರ!

"ಏನಾಯ್ತು?" ಅಂದರು.

"ನೀವು ಹೇಳಿದ್ದೇ ಸರಿ" ಅಂದೆ. "ಮೂರನೇ ತಿಂಗಳು, ಎರಡನೇ ವರ್ಷ, ಇವೆರಡರ ಮಧ್ಯದ ತಿಂಗಳುಗಳಲ್ಲೂ ರಕ್ತ ಕೊಟ್ಟಿದ್ದೀರಾ?"

"ಹದಿನಾಲ್ಕು ಸಲ ಕೊಟ್ಟಿದೀನಿ. ಎಲ್ಲಾ ತಗೊಳ್ಳಿ. ಒಂದು ಮಾತು, ಏನು ಸಿಕ್ರೂ ನನಗೆ ಬಂದು ಹೇಳ್ಬೇಕು. ಕೆಟ್ಟದಾದ್ರೂ."

ಸಹಿ ಹಾಕಿದರು. ಹೊರಗೆ ಬಂದು ಕೈ ತೊಳೆದೆ. ಎರಡು ಸಲ. ಎರಡನೇ ಸಲ ನಲ್ಲಿಯ ಮೇಲಿನ ಕನ್ನಡಿ ನೋಡುವುದಕ್ಕೆ ಆಗಲಿಲ್ಲ.

ಏಪ್ರಿಲ್ 9, ಬುಧವಾರ

ಮೇಡಂ ಕೋಣೆಗೆ ಕರೆಯದೇ ಹೋದೆ. ಮಧ್ಯದ ತಿಂಗಳ ಟ್ಯೂಬುಗಳು ಬೇಕು, ಬುಡದಲ್ಲಿ ಬದಲಾದ ಅಕ್ಷರಗಳನ್ನು ಒಂದೊಂದಾಗಿ ಹಾಕಿ ನೋಡಬೇಕು ಅಂದೆ. "ಸಮಿತಿಗೆ ಐದು ವಾರ ಇದೆ, ಸಣ್ಣದೇನಾದ್ರೂ ಮುಗಿಸಿಕೊಳ್ಳಿ" ಅಂದರು. "ಸಣ್ಣದು ಬೇಡ ಮೇಡಂ. ಇದು ಅಲ್ಲೇ ಇದೆ, ಕೈಗೆ ಸಿಗೋ ದೂರದಲ್ಲಿದೆ" ಅಂದೆ. ನನ್ನ ದನಿ ಜೋರಾಯಿತೇನೋ, ಹೊರಗೆ ಗಡ್ಡನ ಕುರ್ಚಿ ಕಿರ್ ಅಂದಿತು.

ಫ್ರೀಜರಿನ ಕೀಲಿ ಕೊಟ್ಟರು.

ಏಪ್ರಿಲ್ 22, ಮಂಗಳವಾರ

ಬುಡದಲ್ಲಿ ಬದಲಾಗಿದ್ದದ್ದು ಐದು ಜಾಗ. ಒಂದೊಂದನ್ನೂ ಬೇರೆ ಬೇರೆಯಾಗಿ ಉದ್ದ ಕುಣಿಕೆಯ ಶುದ್ಧ ವೈರಸ್ಸಿಗೆ ಹಾಕಿದೆವು. ಗಡ್ಡ ತಾನಾಗಿಯೇ ಬಂದು ಎರಡನ್ನು ಮಾಡಿಕೊಟ್ಟ. "ನಿಮ್ಮ ಹುಚ್ಚು ಅಂಟುರೋಗ" ಅಂದ.

ಒಂದು, ಎರಡು, ಮೂರು: ಮುನ್ನೂರು, ಮುನ್ನೂರು, ಮುನ್ನೂರ ಹತ್ತು. ನಾಲ್ಕನೆಯದು ಒಂದು ಲಕ್ಷದ ಐವತ್ತೆರಡು ಸಾವಿರ! ಐದನೆಯದು ಮತ್ತೆ ಮುನ್ನೂರು.

ಒಂದೇ ಒಂದು ಜಾಗ! ಮುಳ್ಳಿನ ತಲೆಯ ತುದಿಯಿಂದ ಅಷ್ಟು ದೂರ, ಬುಡದಲ್ಲಿ, ಒಂದು ಅಮೈನೋ ಆಮ್ಲ ಬದಲಾದರೆ ನೆತ್ತಿಯ ಮೇಲಿನ ಕುಣಿಕೆಯ ಭಾರ ಹೊತ್ತುಕೊಂಡು ವೈರಸ್ ಒಳಗೆ ನುಗ್ಗುತ್ತದೆ. ಸೀರಂ ಹಾಕಿದರೂ ಬೆಳಕು ಆರಲಿಲ್ಲ. ನಾನೂ ಗಡ್ಡನೂ ಕೂಗಿದ ಕೂಗಿಗೆ ಪಕ್ಕದ ಲ್ಯಾಬಿನವರು ಬೆಂಕಿ ಬಿತ್ತು ಅಂತ ಓಡಿ ಬಂದರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಮಗಳನ್ನು ಎತ್ತಿ ಗಿರಗಿರ ತಿರುಗಿಸಿದೆ. ಭಾರವಾಗಿದ್ದಾಳೆ, ಸೊಂಟ ಹಿಡಿಯಿತು. ಬಿಸಿನೀರಿನ ಚೀಲ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಏಪ್ರಿಲ್ 30, ಬುಧವಾರ

ವಿಚಿತ್ರ! ವಿಚಿತ್ರ!

ಮೊದಲು ಕುಣಿಕೆ ಉದ್ದವಾಗಿ, ಆಮೇಲೆ ಅದರ ಕಷ್ಟ ತೀರಿಸಲು ಬುಡ ಬದಲಾಗಿರಬೇಕು ಅಂತ ಅಂದುಕೊಂಡಿದ್ದೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಕ್ರೇನಮ್ಮನ ಒಂಬತ್ತನೇ ತಿಂಗಳ ಟ್ಯೂಬಿನಿಂದ ತೆಗೆದ ವೈರಸ್ಸಿನ ಜೀನು ಇವತ್ತು ಓದಿ ಬಂತು. ಕುಣಿಕೆ ಗಿಡ್ಡ. ಬುಡದ ನಾಲ್ಕನೇ ಜಾಗ ಆಗಲೇ ಬದಲಾಗಿದೆ!

ಬುಡ ಮೊದಲು. ಕುಣಿಕೆ ಆಮೇಲೆ. ಹಾಗಾದರೆ ಆ ಮಧ್ಯದ ತಿಂಗಳುಗಳಲ್ಲಿ, ನುಗ್ಗುವ ಬುಡ ಬಂದು, ಮರೆ ಮಾಡುವ ಕುಣಿಕೆ ಇನ್ನೂ ಬರದೇ ಇದ್ದಾಗ, ಆ ವೈರಸ್ ಹೇಗಿತ್ತು?

ಊಟಕ್ಕೆ ಕೂತಾಗ ಇದನ್ನೇ ಬಡಬಡಿಸುತ್ತಿದ್ದೆ. ಅತ್ತೆ ನೀರು ಬಗ್ಗಿಸುತ್ತಾ, "ನೆಗಡಿ ವೈರಸ್ಸಿಗೆ ಇಷ್ಟೆಲ್ಲಾ ಇರುತ್ತಾ?" ಅಂದರು.

"ನೆಗಡಿ ಅಲ್ಲ ಅತ್ತೆ. ಎಚ್‌ಐವಿ. ಸುಳ್ಳು ಹೇಳಿದ್ದೆ."

ನಮ್ಮವರು ತುತ್ತು ಕೈಯಲ್ಲೇ ಹಿಡಿದು ಅಮ್ಮನ ಮುಖ ನೋಡಿದರು. ಅತ್ತೆ ಚೊಂಬು ಕೆಳಗಿಟ್ಟರು. "ನನಗೆ ಅನುಮಾನ ಇತ್ತು. ನೆಗಡಿಗೆ ಯಾರಾದ್ರೂ ದಿನಾ ತಲೆಗೆ ಸ್ನಾನ ಮಾಡ್ತಾರಾ? ಈಗ ಹದಿನೈದು ದಿನದಿಂದ ಮಾಡ್ತಿಲ್ಲವಲ್ಲ, ಬೇರೆ ಕೆಲಸ ಕೊಟ್ಟಿರಬೇಕು ಅಂದ್ಕೊಂಡೆ."

ಬಿಟ್ಟಿದ್ದೇನಾ? ಹೌದೇನೋ. ಯಾವಾಗ ಬಿಟ್ಟೆನೋ.

"ನಿನಗೇನೂ ಆಗಲ್ಲ ತಾನೇ?" ಅಂದರು. ಇಲ್ಲ ಅಂದೆ. "ಹಾಗಾದ್ರೆ ಊಟ ಮಾಡು, ಆರಿ ಹೋಗುತ್ತೆ."

ನಾಳೆ ಒಂಬತ್ತನೇ ತಿಂಗಳ ಮುಳ್ಳಿನ ಹುಸಿ ವೈರಸ್ ಶುರು.

ಮೇ 9, ಶುಕ್ರವಾರ

ಬಸ್ಸಿನಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಒಂಬತ್ತನೇ ತಿಂಗಳ ವೈರಸ್ ಕೋಶದೊಳಗೆ ನುಗ್ಗುವುದರಲ್ಲಿ ಎಲ್ಲಕ್ಕಿಂತ ಮುಂದು, ಹಳೆಯದಕ್ಕಿಂತ ಮೂರು ಪಟ್ಟು ಬೆಳಕು. ಆದರೆ ಸೀರಂ ಮುಂದೆ? ಎರಡನೇ ವರ್ಷದ ಸೀರಂ ಹಾಕಿದೆ. ನೂರು ಪಾಲು ತೆಳುಮಾಡಿದರೂ ಕತ್ತಲೆ. ಐನೂರು, ಕತ್ತಲೆ. ಮೂರು ಸಾವಿರ ಪಾಲು ತೆಳುಮಾಡಿದೆ, ಸೀರಂ ಇದೆಯೋ ಇಲ್ಲವೋ ಅನ್ನುವಷ್ಟು. ಕತ್ತಲೆ!

ಬೇರೆ ಆರು ದಾನಿಗಳ ಸೀರಮ್ಮೂ ಹಾಕಿದೆ. ಆರಕ್ಕೆ ಆರೂ ತಡೆದವು. ಕ್ರೇನಮ್ಮನದೇ ಒಂಬತ್ತನೇ ತಿಂಗಳ ಸೀರಂ ಮಾತ್ರ ತಡೆಯಲಿಲ್ಲ, ತಡೆಯಲು ಶುರುವಾದದ್ದು ಹದಿನೈದನೇ ತಿಂಗಳದ್ದರಿಂದ. ನುಗ್ಗುವ ಆತುರದಲ್ಲಿ ಮುಳ್ಳು ಸಡಿಲವಾಗಿದೆ, ಒಳಗಿನ ಜಾಗಗಳೆಲ್ಲ ಹೊರಗೆ ಕಾಣುತ್ತಿವೆ. ಯಾರ ಪ್ರತಿಕಾಯ ಬಂದರೂ ಹಿಡಿಯಬಹುದು. ಮುಂದಿನ ಕೆಲವು ತಿಂಗಳಲ್ಲಿ ಕುಣಿಕೆ ಬೆಳೆದು ಎಲ್ಲವನ್ನೂ ಮುಚ್ಚಿಬಿಟ್ಟಿತು.

ಗಡ್ಡ ಈ ಸಲ ಕೂಗಲಿಲ್ಲ. ಸ್ಟೂಲಿನ ಮೇಲೆ ಕೂತು, "ಅದು ಒಂದು ಕಾಲದಲ್ಲಿ ಬರಿಮೈಯಲ್ಲಿ ನಿಂತಿತ್ತು" ಅಂದ, ಮೆಲ್ಲಗೆ.

ಮೇಡಂ ಬಂದು ನೋಡಿದರು. ಅವರು ಬಾಯಿ ತೆರೆಯುವ ಮೊದಲೇ, "ಮತ್ತೊಮ್ಮೆ ಹಾಕಿದ್ದೀನಿ ಮೇಡಂ, ಭಾನುವಾರ ಬರುತ್ತೆ" ಅಂದೆ. ನಕ್ಕರು! ಮೇಡಂ ಹಲ್ಲು ಇವತ್ತೇ ನೋಡಿದ್ದು.

ಮೇ 11, ಭಾನುವಾರ

ಅದೇ.

ಮೇ 14, ಬುಧವಾರ

ಸಮಿತಿ. ಐದು ಜನ, ಉದ್ದ ಮೇಜು. ತಪ್ಪಿನಿಂದಲೇ ಶುರು ಮಾಡಿದೆ, ಬೆರೆತುಹೋದ ಟ್ಯೂಬಿನಿಂದ. ಒಬ್ಬರು, "ಒಬ್ಬರೇ ದಾನಿ. ಎಲ್ಲರಲ್ಲೂ ಹೀಗೇ ಅಂತ ಹೇಗೆ ಹೇಳ್ತೀರಿ?" ಅಂದರು. "ಹೇಳಲ್ಲ ಸರ್. ಇನ್ನೂ ಹತ್ತು ಜನರದ್ದು ನೋಡೋಕೆ ಕಾಲ ಕೊಡಿ, ಆಮೇಲೆ ಹೌದೋ ಅಲ್ಲವೋ ಅಂತೀನಿ" ಅಂದೆ.

ಎರಡು ವರ್ಷ ಕೊಟ್ಟರು.

ಮೇ 17, ಶನಿವಾರ

ಕ್ರೇನಮ್ಮನಿಗೆ ಹೇಳಲು ಹೋಗಿದ್ದೆ. ಸಮಾಲೋಚಕಿ ಕೋಣೆ ಕೊಡಿಸಿದ್ದರು, ಸೆಕೆ ಅಂತ ನಾವಿಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತೆವು. ಅವರ ನೀರಿನ ಬಾಟಲಿ ಖಾಲಿಯಾಗಿತ್ತು, ನನ್ನದರಲ್ಲೇ ಕುಡಿದರು. ಮಿಕ್ಕಿದ್ದನ್ನು ನಾನು ಮುಗಿಸಿ ಮಾತು ಶುರು ಮಾಡಿದೆ. ಎದುರಿಗೆ ಪಾರ್ಕಿಂಗ್, ಆಚೆ ಅರ್ಧ ಕಟ್ಟಿದ ಕಟ್ಟಡ. "ಆ ಹಳದಿ ಕ್ರೇನು ನಂದಲ್ಲ, ಅವನಿಗೆ ತಿರುಗಿಸೋಕೆ ಬರಲ್ಲ ನೋಡಿ" ಅಂತ ಎರಡು ಸಲ ಮಧ್ಯೆ ಬಾಯಿ ಹಾಕಿದರು.

ಎಲ್ಲಾ ಹೇಳಿದೆ. ಅವರ ಪ್ರಶ್ನೆಯಿಂದಲೇ ದಾರಿ ಸಿಕ್ಕಿದ್ದು, ಬುಡ, ಕುಣಿಕೆ, ಮಧ್ಯದ ಆ ಬರಿಮೈಯ ತಿಂಗಳುಗಳು. ಕೊನೆಗೆ ಹೇಳಬೇಕಾಗಿದ್ದನ್ನು ಹೇಳುವುದು ಕಷ್ಟವಾಯಿತು.

"ಒಂಬತ್ತನೇ ತಿಂಗಳಲ್ಲಿ ನಿಮ್ಮ ವೈರಸ್ಸನ್ನ ಸುಲಭವಾಗಿ ಹಿಡೀಬಹುದಿತ್ತು. ಅದನ್ನ ಹಿಡಿಯೋ ಪ್ರತಿಕಾಯ ನಿಮ್ಮ ಮೈಯಲ್ಲೇ ಹುಟ್ಟಿದೆ. ಆದ್ರೆ ಹುಟ್ಟಿದ್ದು ಆಮೇಲೆ. ಅಷ್ಟರಲ್ಲಿ ಅದು ಮುಚ್ಚಿಕೊಂಡಿತ್ತು."

"ಎಷ್ಟು ಆಮೇಲೆ?"

"ಐದಾರು ತಿಂಗಳು ಇರಬೇಕು."

ಅವರು ಖಾಲಿ ಬಾಟಲಿಯ ಮುಚ್ಚಳ ಬಿಗಿ ಮಾಡಿದರು. ಆ ವರ್ಷ ಮಲಗಿದ್ದ ಹಾಸಿಗೆ, ಆಗ ಬಿಟ್ಟುಹೋದ ಗಂಡ, ಇವನ್ನೆಲ್ಲ ಅವರು ಒಂದೇ ವಾಕ್ಯದಲ್ಲಿ ಹೇಳಿದರು, ನಾನು ಒಂದೇ ವಾಕ್ಯದಲ್ಲಿ ಬರೆಯುತ್ತೇನೆ. ನಾನು ಅವರ ಕೈ ಹಿಡಿದುಕೊಂಡಿದ್ದೆ. ಒರಟು ಕೈ, ಸನ್ನೆಕೋಲು ಹಿಡಿದು ಹಿಡಿದು ಅಂಗೈ ಗಟ್ಟಿಯಾಗಿದೆ.

"ಹಾಗಾದ್ರೆ ನನ್ನ ಮೈ ದಡ್ಡ ಅಲ್ಲ" ಅಂದರು ಕೊನೆಗೆ. "ಇಷ್ಟು ವರ್ಷ ಅದಕ್ಕೆ ಬೈತಾನೇ ಇದ್ದೆ ಕಣ್ರೀ. ನಿನ್ ಕೈಲಿ ಒಂದು ಹುಳ ತಡೆಯೋಕೆ ಆಗಲಿಲ್ವಾ ಅಂತ. ಅದು ಬಂದಿತ್ತು. ಸ್ವಲ್ಪ ತಡವಾಗಿ ಬಂದಿತ್ತು, ಅಷ್ಟೇ."

"ಅಷ್ಟೇ" ಅಂದೆ.

"ಬೇರೆಯವರ ಮೈಗೆ ಮುಂಚೇನೇ ಹೇಳಿಕೊಟ್ರೆ? ಆ ಒಂಬತ್ತನೇ ತಿಂಗಳದ್ದು ಹೇಗಿರುತ್ತೆ ಅಂತ ಮೊದಲೇ ತೋರಿಸಿಟ್ರೆ?"

"ಅದು ಆಗುತ್ತೋ ಇಲ್ಲವೋ ಗೊತ್ತಿಲ್ಲ. ಬಹಳ ಜನ ಬಹಳ ವರ್ಷದಿಂದ ನೋಡ್ತಾ ಇದ್ದಾರೆ. ಆಗದೇನೂ ಇರಬಹುದು."

"ಎಷ್ಟು ವರ್ಷ ಕೊಟ್ಟಿದಾರೆ ನಿಮಗೆ?"

"ಎರಡು."

ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿಕೊಂಡರು. ತೋಳು ಮಡಚಿ, ಮೊಣಕೈಯ ಒಳಭಾಗದ ನರವನ್ನು ಎರಡು ಬೆರಳಿಂದ ತಟ್ಟಿ ಎಬ್ಬಿಸಿದರು.

"ಹಾಗಾದ್ರೆ ಸುಮ್ಮನೆ ಕೂತಿರೋದ್ಯಾಕೆ? ಒಳಗೆ ನರ್ಸ್ ಇದಾರಲ್ಲ, ಬನ್ನಿ. ಹದಿನೈದನೇದು ಇವತ್ತೇ ತಗೊಳ್ಳಿ."